ಹರಡಿದೆ ಅಂದ ಮಾತ್ರಕ್ಕೆ ಆಪರೇಷನ್ ಬೇಡವೇ?

ಮಾನ್ಯ ಸಂಪಾದಕರೇ,

ಕ್ಯಾನ್ಸರ್ ಹರಡಿದೆ ಅಂತ ಗೊತ್ತಾದ ಮೇಲೆ ನೆಂಟರದ್ದೆಲ್ಲ ಒಂದೇ ಮಾತು: 'ಇನ್ನೇನು ಕೊಯ್ಸೋದು, ಸುಮ್ನೆ ನೋವು ಕೊಡಬೇಡಿ'. ಚಿಕ್ಕಪ್ಪನ ಶ್ವಾಸಕೋಶದ ಕ್ಯಾನ್ಸರ್ ಗುಲ್ಮಕ್ಕೆ, ಅಂದರೆ ಸ್ಪ್ಲೀನ್‌ಗೆ ಹರಡಿ, ಅದು ಒಡೆದು ಹೊಟ್ಟೆಯೊಳಗೆ ರಕ್ತ ತುಂಬಿಕೊಳ್ಳುತ್ತಿದ್ದಾಗಲೂ ಎಮರ್ಜೆನ್ಸಿ ವಾರ್ಡಿನ ಬಾಗಿಲಲ್ಲಿ ಇದೇ ವಾದ ನಡೆಯಿತು.

ಇದು ತೀರಾ ಅಪರೂಪ, ಅದಕ್ಕೇ ಯಾರಿಗೂ ಹೊಳೆಯುವುದಿಲ್ಲ. ಅವರು ಬಿದ್ದಿರಲಿಲ್ಲ, ಏಟೂ ತಗುಲಿರಲಿಲ್ಲ. ಎಡ ಭುಜ ಉಜ್ಜಿಕೊಳ್ಳುತ್ತಾ ಕೂತಿದ್ದರು, ಮಲಗಿದರೆ ನೋವು ಜಾಸ್ತಿ. ಭುಜಕ್ಕೇನೂ ಆಗಿರಲಿಲ್ಲ. ಒಳಗೆ ಸೋರಿದ ರಕ್ತ ಎದೆಗೂ ಹೊಟ್ಟೆಗೂ ನಡುವಿನ ವಪೆಯನ್ನು ಕೆರಳಿಸಿದರೆ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಆಮೇಲೆ ತಣ್ಣನೆ ಬೆವರು, ತಲೆಸುತ್ತು, ಬಿಪಿ ಕುಸಿತ. ಕೆಲವರಿಗೆ ಕ್ಯಾನ್ಸರ್ ಕರುಳಿಗೆ ಹರಡಿ ತೂತಾಗುವುದೂ ಉಂಟು; ಸ್ಟೀರಾಯ್ಡ್ ತೆಗೆದುಕೊಳ್ಳುವವರಲ್ಲಿ ಆಗ ಜ್ವರವೂ ಬರದೆ, ಹೊಟ್ಟೆಯೂ ಗಟ್ಟಿಯಾಗದೆ ಮೋಸ ಹೋಗಬಹುದು.

ಸರ್ಜನ್ ನೇರವಾಗಿ ಹೇಳಿದರು, ಇದು ಕ್ಯಾನ್ಸರ್ ವಾಸಿ ಮಾಡುವ ಆಪರೇಷನ್ ಅಲ್ಲ, ರಕ್ತ ನಿಲ್ಲಿಸುವ ಆಪರೇಷನ್ ಅಂತ. ಎರಡೂ ಬೇರೆ ಅಲ್ವಾ? ರಕ್ತ ನಿಂತು ಚೇತರಿಸಿಕೊಂಡರೆ ಕೀಮೋ ಮುಂದುವರಿಸಬಹುದು. ಹಾಗಂತ ಎಲ್ಲರಿಗೂ ಕತ್ತರಿ ಹಾಕಲೇಬೇಕು ಅಂತಲ್ಲ. ಬಿಪಿ ಕುಸಿಯದೆ ಸ್ಥಿರವಾಗಿದ್ದರೆ ಕೆಲವರಿಗೆ ರಕ್ತನಾಳದೊಳಗಿಂದಲೇ ಸೋರಿಕೆ ಮುಚ್ಚುವ ಎಂಬೊಲೈಸೇಷನ್ ಆಗುತ್ತದೆ. ಮೈಯಲ್ಲಿ ಏನೂ ತ್ರಾಣ ಉಳಿಯದವರಿಗೆ ನೋವು ಇಳಿಸಿ ನೋಡಿಕೊಳ್ಳುವುದೇ ಸರಿ ಇರಬಹುದು. ಆದರೆ ಅದನ್ನು ರೋಗಿ ಹೇಳಬೇಕು, ದೊಡ್ಡ ಗಂಟಲಿನ ನೆಂಟರಲ್ಲ. ಚಿಕ್ಕಪ್ಪ ಹಿಂದೆಯೇ ಈ ಮಾತು ತೆಗೆದಿದ್ದರು, ಮನೆಯವರೆಲ್ಲ 'ಬಿಡ್ತು ಅನ್ನಿ' ಅಂತ ಬಾಯಿ ಮುಚ್ಚಿಸಿದರು. ಕೊನೆಗೆ ಅವರಿಗೆ ಎಚ್ಚರ ತಪ್ಪಿದ ಮೇಲೆ ಅವರ ಮನಸ್ಸಲ್ಲೇನಿತ್ತು ಅಂತ ನಾವು ಕಿತ್ತಾಡಿದೆವು. ಚಿಕ್ಕಮ್ಮ ಸಹಿ ಹಾಕಿದರು, ಆಪರೇಷನ್ ಆಯಿತು.

ಆಸ್ಪತ್ರೆಗಳಲ್ಲಿ ನನ್ನದೊಂದು ಮನವಿ. ಕೀಮೋ ಮುಗಿಸಿ ಮನೆಗೆ ಕಳಿಸುವಾಗ ವಾಂತಿ, ಜ್ವರದ ಜೊತೆಗೆ 'ದಿಢೀರ್ ಹೊಟ್ಟೆನೋವು, ಭುಜನೋವು ಬಂದರೆ ಗ್ಯಾಸ್ ಅಂದುಕೊಳ್ಳದೆ ತಕ್ಷಣ ಬನ್ನಿ' ಅಂತಲೂ ಬರೆದುಕೊಡಿ. ಯಾವ ಔಷಧಿ, ಯಾವತ್ತು ಕೊಟ್ಟದ್ದು ಅನ್ನುವುದೂ ಅದೇ ಹಾಳೆಯಲ್ಲಿರಲಿ, ಯಾಕೆಂದರೆ ಬೆವಾಸಿಜುಮಾಬ್‌ನಂಥ ಕೆಲವು ಕ್ಯಾನ್ಸರ್ ಔಷಧಿಗಳು ಗಾಯ ಬೇಗ ಮಾಗಲು ಬಿಡುವುದಿಲ್ಲ, ಕರುಳು ತೂತಾಗುವ ಅಪಾಯವನ್ನೂ ಹೆಚ್ಚಿಸುತ್ತವೆ, ಸರ್ಜನ್‌ಗೆ ಅದು ಮೊದಲೇ ಗೊತ್ತಿರಬೇಕು. ಗುಲ್ಮ ತೆಗೆದವರಿಗೆ ಕೆಲವು ಸೋಂಕುಗಳು ಬೇಗ ತಗಲುವುದರಿಂದ ನ್ಯುಮೋಕಾಕಸ್, ಮೆನಿಂಗೋಕಾಕಸ್, ಹಿಬ್ ಎಂಬ ಬ್ಯಾಕ್ಟೀರಿಯಾಗಳ ವಿರುದ್ಧ ಲಸಿಕೆ ಬೇಕು. ತುರ್ತಾಗಿ ತೆಗೆದಿದ್ದರೆ ಸಾಮಾನ್ಯವಾಗಿ 14 ದಿನ ಬಿಟ್ಟು ಹಾಕುತ್ತಾರೆ. ಚಿಕ್ಕಪ್ಪನ ಡಿಸ್ಚಾರ್ಜ್ ಚೀಟಿಯಲ್ಲಿ ಅದರ ಸೊಲ್ಲೇ ಇರಲಿಲ್ಲ, ನಾವೇ ಕೇಳಿ ಹಾಕಿಸಿದೆವು.

– ಒಬ್ಬ ಓದುಗ