ರೊಟ್ಟಿ ದೊಡ್ಡವ್ವನ ವಹಿ

ಕಲಬುರಗಿ

ನನ್ನವ್ವ,

ನಿನ್ನೆ ಫೋನಿನಲ್ಲಿ ಸಿಟ್ಟಾಗಿದ್ದೆ ನೀನು. ನೀನು ಹಾಕಿದ 20,000 ರೂಪಾಯಿಯನ್ನು ರೊಟ್ಟಿ ದೊಡ್ಡವ್ವ ಮಗನ ಕೈಯಲ್ಲಿ ವಾಪಸ್ ಹಾಕಿಸಿದ್ದಾಳೆ. "ನಾನೇನು ಹೊರಗಿನವಳಾ?" ಅಂತ ಕೇಳಿದೆ. ನಾನು ಸುಮ್ನಿದ್ದೆ. ಫೋನಿನಲ್ಲಿ ಅರ್ಧ ಹೇಳಿ ಅರ್ಧ ನುಂಗುವುದು ನನ್ನ ಚಾಳಿ, ಅಷ್ಟರಲ್ಲಿ ನಿನಗೆ ಮೀಟಿಂಗ್ ಬರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮಪ್ಪನನ್ನು ಸೊಲ್ಲಾಪುರದ ಆಸ್ಪತ್ರೆಗೆ ಸೇರಿಸಿದಾಗ ನೀನು ಮೂರನೇ ಕ್ಲಾಸು. ಇಪ್ಪತ್ತೆರಡು ದಿನ ಅಲ್ಲಿದ್ದೆವು. ನೀನು ದೊಡ್ಡವ್ವನ ಮನೆಯಲ್ಲಿದ್ದೆ. ನನಗೆ ದಿನಾ ಬೆಳಗಿನ ಮೊದಲ ಬಸ್ಸಿಗೆ ಬುತ್ತಿ ಬರುತ್ತಿತ್ತು, ಕಂಡಕ್ಟರ್ ಕೈಯಲ್ಲಿ. ಹಳೇ ಧೋತರದ ತುಂಡಿನಲ್ಲಿ ಕಟ್ಟಿದ ಹತ್ತು ಜೋಳದ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ. ಅಪ್ಪನಿಗಂತೂ ಗಂಜಿ. ನನ್ನೊಬ್ಬಳಿಗೆ ಹತ್ತು ರೊಟ್ಟಿ ಯಾಕೆ ಅಂತ ಆಮೇಲೆ ಕೇಳಿದೆ. "ಬಾಜೂ ಕಾಟಿನವರೂ ಉಣಬೇಕಲ್ಲ" ಅಂದಳು. ಬಾಜೂ ಕಾಟಿನಲ್ಲಿ ಯಾರಿದ್ದಾರೆ ಅಂತ ಅವಳಿಗೆ ಗೊತ್ತೇ ಇರಲಿಲ್ಲ.

ಅವಳ ಖಾನಾವಳಿಯಲ್ಲೂ ಹಾಗೇ. ಆಳಂದ, ಚಿಂಚೋಳಿ, ಜೇವರ್ಗಿ, ಸೇಡಂ ಕಡೆಯಿಂದ ಪರೀಕ್ಷೆ ಓದಲು ಬಂದ ಹುಡುಗರಿಗೆ ತಿಂಗಳ ಕೊನೆಗೆ ದುಡ್ಡಿರುವುದಿಲ್ಲ. "ಉಣ್ರೋ, ಬರೆದಿಡ್ತೀನಿ" ಅನ್ನುತ್ತಿದ್ದಳು. ಬರೆದದ್ದು ಹೇಗೆ ಗೊತ್ತಾ? ಆ ಉದ್ರಿ ವಹಿ ನಾನು ಈ ವರ್ಷವೇ ಮೊದಲ ಸಲ ಬಿಚ್ಚಿ ನೋಡಿದ್ದು. ಒಬ್ಬರ ಹೆಸರೂ ಇಲ್ಲ. "ಆಳಂದದ ಕನ್ನಡಕ", "ಚಿಂಚೋಳಿ ಉದ್ದಾನವ", "ಮಾತಾಡದ ಹುಡುಗ", ಪಕ್ಕದಲ್ಲಿ ಗೀಟು. ಎಷ್ಟು ಊಟವೋ ಅಷ್ಟು ಗೀಟು. ಇಂಥ ವಹಿ ಇಟ್ಟುಕೊಂಡು ಯಾರ ಹತ್ತಿರ ವಸೂಲಿ ಮಾಡುತ್ತೀಯ? ನಮ್ಮೂರ ಅಪ್ಪನ ಗುಡಿಯ ಶರಣಬಸವೇಶ್ವರರು ಹೊಲದಲ್ಲಿ ಹಕ್ಕಿ ಓಡಿಸುವುದು ಬಿಟ್ಟು ಅವುಗಳಿಗೆ ನೀರಿಟ್ಟರು ಅನ್ನುತ್ತಾರಲ್ಲ, ಹಾಗೆ.

ಗಂಟು ಅವಳಿಗೆ ದೀಪಾವಳಿಗೇ ಕೈಗೆ ಸಿಕ್ಕಿತ್ತಂತೆ. ಬಲ ಎದೆಯಲ್ಲಿ, ಕಡಲೆಕಾಳಿನಷ್ಟು. ನೋವಿಲ್ಲ ಅಂತ ಸುಮ್ಮನಾದಳು. ನೋವಿಲ್ಲದ್ದೇ ಮೋಸ ಮಾಡಿತು. ಇದನ್ನು ನಿನಗೆ ಒಂದೇ ಸಲ ಹೇಳುತ್ತೇನೆ, ನೂರು ಸಲ ಹೇಳಿದೆ ಅಂದುಕೋ: ನೋವಿಲ್ಲದ ಗಂಟಿದ್ದರೂ ತೋರಿಸಬೇಕು. ಫೆಬ್ರವರಿಯಲ್ಲಿ ನನಗೆ ಹೇಳುವ ಹೊತ್ತಿಗೆ ಅದು ಕಂಕುಳಿಗೂ ಹೋಗಿತ್ತು.

ಆಗ ನಾವು ಮಾಡಿದ ಮೊದಲ ತಪ್ಪು, ಹೆದರಿಕೆಯಲ್ಲಿ ಒಂದು ಖಾಸಗಿ ಆಸ್ಪತ್ರೆಗೆ ಓಡಿದ್ದು. ಸ್ಕ್ಯಾನ್, ತುಂಡು ತೆಗೆದು ಪರೀಕ್ಷೆ, ಮೂರು ದಿನ ಬೆಡ್ಡು. 64,000 ರೂಪಾಯಿ ಹೋಯಿತು. ಅವಳ ಬಂಗಾರದ ಬೋರಮಾಳ ಸರ ಗಿರವಿಗೆ ಹೋಯಿತು, ಮೇಲೆ ಸಂಘದ ಸಾಲ. ಸಂಘದ್ದು ವಾರದ ಕಂತು, ಅದಕ್ಕೆ ಕೀಮೋ ಗೊತ್ತಿಲ್ಲ, ಜ್ವರ ಗೊತ್ತಿಲ್ಲ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ. ಆದರೆ ಇಂಥ ರೋಗಕ್ಕೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಬರೆಸಿಕೊಳ್ಳಬೇಕು. ನೇರ ಖಾಸಗಿಗೆ ಹೋಗಿ ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಎಪಿಎಲ್‌ನವರಿಗೂ ಇದೆ, ಆದರೆ ಅವರಿಗೆ ಪ್ಯಾಕೇಜಿನ ಶೇ. 30 ಮಾತ್ರ, ವರ್ಷಕ್ಕೆ 1.5 ಲಕ್ಷದವರೆಗೆ. ನಿನ್ನ ಆಫೀಸಿನಲ್ಲಿ ಕಸ ಗುಡಿಸುವ ಅಮ್ಮನಿಗೆ ಇದನ್ನು ಹೇಳಿಡು. ನಮಗೆ ಯಾರೂ ಹೇಳಿರಲಿಲ್ಲ.

ಕಾರ್ಡ್ ಮಾಡಿಸಲು ಹೋದರೆ ಅಲ್ಲೂ ತಕರಾರು. ರೇಷನ್ ಕಾರ್ಡಿನಲ್ಲಿ ಅವಳ ಹೆಸರ ಮುಂದೆ "ಬಾಯಿ", ಆಧಾರಿನಲ್ಲಿ "ಅಮ್ಮ". ನಮ್ಮ ಕಡೆ ಅರ್ಧ ಹೆಂಗಸರ ಕಥೆ ಇದೇ. ಒಂದು ಕೌಂಟರಿನವರು ಇನ್ನೊಂದಕ್ಕೆ, ಅವರು ಮತ್ತೆ ಮೊದಲಿನದಕ್ಕೆ ಕಳಿಸಿದರು. ಅಷ್ಟರಲ್ಲಿ ಏಪ್ರಿಲ್ ಬಂತು. ಬಿಸಿಲಿಗೆ ಇಲ್ಲಿ ಆಫೀಸುಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಮಾತ್ರ ಅಂತ ನಿನಗೆ ಗೊತ್ತಲ್ಲ. ನಾನು ಮನೆ ಕೆಲಸ ಮುಗಿಸಿ ಹನ್ನೊಂದಕ್ಕೆ ಹೋಗಿ ಸಾಲಿನಲ್ಲಿ ನಿಂತರೆ ನನ್ನ ಸರದಿ ಬರುವಷ್ಟರಲ್ಲಿ ಕಿಟಕಿ ಮುಚ್ಚುತ್ತಿತ್ತು.

ಆಗ ಬಂದವನು ಆಳಂದದ ಕನ್ನಡಕ. ಹೌದು, ವಹಿಯಲ್ಲಿರುವವನೇ. ಈಗ ಸರ್ಕಾರಿ ನೌಕರ, ಕನ್ನಡಕ ಮಾತ್ರ ಇನ್ನೂ ದಪ್ಪ. ಎರಡು ದಿನ ರಜೆ ಹಾಕಿದ. ಬೆಳಿಗ್ಗೆ ಏಳೂವರೆಗೇ ಹೋಗಿ ನಿಂತ. ಅಫಿಡವಿಟ್ ಮಾಡಿಸಿದ, ಹೆಸರು ಸರಿ ಮಾಡಿಸಿದ, ಸರ್ಕಾರಿ ಆಸ್ಪತ್ರೆಯ ಚೀಟಿ ಬರೆಸಿದ, ಎಲ್ಲದರ ಐದೈದು ಜೆರಾಕ್ಸ್ ಮಾಡಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟ. ಒಂದು ರೂಪಾಯಿ ಕೈಗೆ ಕೊಡಲಿಲ್ಲ. ಹೋಗುವಾಗ, "ಅವ್ವಾ, ಉಪವಾಸ ಇದ್ದೀನಿ, ಊಟ ಹಾಕು" ಅಂದ. ಅವಳ ಮುಖ ನೋಡಬೇಕಿತ್ತು ನೀನು.

ನಾನು ಅವತ್ತೇ ಅದನ್ನು ಅರ್ಥ ಮಾಡಿಕೊಂಡಿದ್ದರೆ ಮುಂದಿನದು ಆಗುತ್ತಿರಲಿಲ್ಲ.

ಏಪ್ರಿಲ್ ಕೊನೆಗೆ ಆಪರೇಷನ್ ಆಯಿತು. ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಯ ಶಾಖೆ ನಮ್ಮೂರಲ್ಲೇ ಇರುವುದು ದೊಡ್ಡ ಪುಣ್ಯ, ಬೆಂಗಳೂರಿಗೆ ಅಲೆಯುವುದು ತಪ್ಪಿತು. ಇನ್ನೊಬ್ಬ ಡಾಕ್ಟರಿಗೂ ತೋರಿಸೋಣ ಅಂತ ಒಂದೇ ಸಲ ನಿನ್ನ ಹತ್ತಿರ ಬಂದೆವಲ್ಲ, ಆಗ ಸ್ಟೇಷನ್ನಿನಲ್ಲಿ ನಡೆದದ್ದು ನಿನಗೆ ಹೇಳಿಲ್ಲ. ಡಾಕ್ಟರು ಫಾರಂ ತುಂಬಿಕೊಟ್ಟರೆ ಕ್ಯಾನ್ಸರ್ ರೋಗಿಗೆ ಸ್ಲೀಪರಿನಲ್ಲಿ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವವರಿಗೆ ಶೇ. 75. ಇವಳು ಕೌಂಟರಿನಲ್ಲಿ ಜಗಳಕ್ಕೆ ನಿಂತಳು. "ಪುಕ್ಕಟ ನಾ ಯಾಕ ಹೋಗಲಿ? ರೊಕ್ಕ ತಗೋರಿ" ಅಂತ. ಹಿಂದಿನ ಸಾಲೆಲ್ಲಾ ನಗುತ್ತಿತ್ತು.

ಜೂನಿನಲ್ಲಿ ಕೀಮೋ ಶುರು. ಇಪ್ಪತ್ತೊಂದು ದಿನಕ್ಕೊಂದು, ಒಟ್ಟು ಎಂಟು. ಎರಡನೆಯದರ ಹೊತ್ತಿಗೆ ಕೂದಲು ಉದುರಿತ್ತು. ಕಂತು ಬಾಕಿ, ಖಾನಾವಳಿಗೆ ಬೀಗ, ಎರಡು ತಿಂಗಳ ಬಾಡಿಗೆ ಬಾಕಿ. ನನಗೆ ತಡೆಯಲಿಲ್ಲ. ಅವಳು ಸಲೈನ್ ಹಚ್ಚಿಕೊಂಡು ಮಲಗಿದ್ದಾಗ ಒಂದು ಫೋಟೋ ತೆಗೆದು, "ನೂರಾರು ಮಂದಿಗೆ ಉಣಿಸಿದ ತಾಯಿ, ಸಹಾಯ ಮಾಡಿ" ಅಂತ ಬರೆದು, ಅವಳ ಮಗನ ಖಾತೆ ನಂಬರ್ ಹಾಕಿ ವಾಟ್ಸಾಪಿನಲ್ಲಿ ಬಿಟ್ಟೆ. ಎರಡು ದಿನಕ್ಕೆ 31,000 ಬಂತು. ಭಾಳ ದೊಡ್ಡ ಕೆಲಸ ಮಾಡಿದೆ ಅಂತ ನನಗೆ ಹೆಮ್ಮೆ ಬೇರೆ.

ಅವಳಿಗೆ ಗೊತ್ತಾದದ್ದು ಕಾಯಿಪಲ್ಯೆ ಗಾಡಿಯವನಿಂದ. ಅವನು ಫೋನ್ ತೆಗೆದು ತೋರಿಸಿ, "ಪಾಪ ಅವ್ವಾ" ಅಂದು, ಪುಂಡಿ ಸೊಪ್ಪಿನ ಕಟ್ಟು ಪುಕ್ಕಟೆ ಚೀಲಕ್ಕೆ ಹಾಕಿದನಂತೆ. ಅವಳು ಸೊಪ್ಪನ್ನು ಅಲ್ಲೇ ಇಟ್ಟು ಸೀದಾ ನಮ್ಮ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ಹೇಳಿದಳು: "ಇಲ್ಲೀತನಾ ನನ್ನ ಕೈ ಮ್ಯಾಲಿತ್ತು. ನೀ ಒಂದು ಫೋಟೋದಾಗ ಅದನ್ನ ಕೆಳಗ ಮಾಡಿದಿ."

ಒಂಬತ್ತು ದಿನ ಮಾತಿಲ್ಲ. ನಲವತ್ತು ವರ್ಷದಲ್ಲಿ ಹಾಗಾದದ್ದು ಅದೇ ಮೊದಲು. ಒಂದೊಂದೇ ಫೋನ್ ಮಾಡಿ 19,000 ವಾಪಸ್ ಮಾಡಿಸಿದೆ. ಉಳಿದವರು ಏನು ಮಾಡಿದರೂ ತಗೊಳ್ಳಲಿಲ್ಲ, ಅದು ಔಷಧಿ ಅಂಗಡಿಗೆ ಹೋಯಿತು. ನಿಜ ಹೇಳಲಾ? ಔಷಧಿಗೆ ಆ ದುಡ್ಡು ಬೇಕೇ ಇತ್ತು. ಕಾರ್ಡಿನಲ್ಲಿ ಎಲ್ಲವೂ ಬರುವುದಿಲ್ಲ. ಕೇಳಿದ್ದು ತಪ್ಪು ಅಂತ ನನಗೆ ಇವತ್ತಿಗೂ ಅನ್ನಿಸುವುದಿಲ್ಲ. ಅವಳನ್ನು ಕೇಳದೆ ಅವಳ ಬೋಳು ತಲೆ ಊರಿಗೆ ತೋರಿಸಿದ್ದು ತಪ್ಪು.

ಹತ್ತನೇ ದಿನ ಅವಳ ಮನೆಗೆ ಹೋಗಿ, "ಅಕ್ಕಾ, ಖಾನಾವಳಿ ಕೀಲಿ ಕೊಡು" ಅಂದೆ. ಯಾಕೆ ಅಂತ ಕೇಳಲಿಲ್ಲ, ಸೊಂಟದಿಂದ ತೆಗೆದು ಕೊಟ್ಟಳು. ಅಂದಿನಿಂದ ನಾನು, ನಮ್ಮ ಓಣಿಯ ಇಬ್ಬರು ಸೇರಿ ಮಧ್ಯಾಹ್ನದ ಊಟ ಒಂದನ್ನೇ ನಡೆಸುತ್ತಿದ್ದೇವೆ. ನನ್ನ ರೊಟ್ಟಿ ಗೊತ್ತಲ್ಲ ನಿನಗೆ, ಒಂದು ಕಡೆ ದಪ್ಪ, ಒಂದು ಕಡೆ ತೂತು. ಹುಡುಗರು ಮೊದಲ ವಾರ ಮುಖ ಸಿಂಡರಿಸಿದರು. ಆದರೆ ಬಿಡಲಿಲ್ಲ. ಬಂದ ದುಡ್ಡು ಅವಳ ಡಬ್ಬಿಗೆ. ಅದರಲ್ಲೇ ಬಾಡಿಗೆ, ಅದರಲ್ಲೇ ಸಂಘದ ಕಂತು. ಅದು ಅವಳ ವ್ಯಾಪಾರದ ದುಡ್ಡು, ಅದಕ್ಕೇ ಎಣಿಸಿ ತಗೊಳ್ಳುತ್ತಾಳೆ. ನಮಗೆ ಕೂಲಿ ಕೊಡುತ್ತೇನೆ ಅಂತ ಹಟ ಹಿಡಿದಿದ್ದಾಳೆ, ಅದು ಬೇರೆ ಜಗಳ. ಸದ್ಯಕ್ಕೆ ವಹಿಯಲ್ಲಿ ನನ್ನ ಹೆಸರಿಗೂ ಗೀಟು ಹಾಕುತ್ತಿದ್ದಾಳೆ. ಹೆಸರಲ್ಲ, "ತೂತಿನ ರೊಟ್ಟಿ" ಅಂತ.

ಕೀಮೋ ಆದ ಮೇಲಿನ ಎರಡನೇ ವಾರ ಹೆಚ್ಚು ಹುಷಾರಾಗಿರಬೇಕಿತ್ತು. ರಕ್ತದ ಬಿಳಿ ಕಣ ಇಳಿದಿರುತ್ತವೆ. ಜ್ವರ 100.4 ದಾಟಿದರೆ ಮನೆಯಲ್ಲಿ ಗುಳಿಗೆ ನುಂಗಿ ಕೂರಬಾರದು, ರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಹಾಗೆ ಎರಡು ಸಲ ಹೋದೆವು. ಬಾಯಿ ಹುಣ್ಣಾಗಿ ರೊಟ್ಟಿ, ಹಿಂಡಿ ಎಲ್ಲಾ ಬಂದ್, ಬರೀ ಅಂಬಲಿ. ಹಸಿ ಉಳ್ಳಾಗಡ್ಡಿ ಇಲ್ಲದೆ ಊಟ ಮಾಡಿದ್ದೇ ಅವಳಿಗೆ ದೊಡ್ಡ ಶಿಕ್ಷೆ. ನವೆಂಬರ್ ಕೊನೆಗೆ ಎಂಟನೇ ಕೀಮೋ ಮುಗಿಯಿತು. ಈಗ ರೇಡಿಯೇಷನ್, ಜನ ಕರೆಂಟ್ ಕೊಡೋದು ಅನ್ನುತ್ತಾರಲ್ಲ, ಅದು ವಾರಕ್ಕೆ ಐದು ದಿನ. ಹದಿನೈದು ಬರೆದಿದ್ದಾರೆ. ಸಿಟಿ ಬಸ್ಸು ಹೆಂಗಸರಿಗೆ ಫ್ರೀ ಇರುವುದರಿಂದ ಹೋಗಿ ಬರುವ ಖರ್ಚಿಲ್ಲ. ಇದಕ್ಕೆ ಮಾತ್ರ ಅವಳದು ತಕರಾರಿಲ್ಲ, "ಎಲ್ಲಾರಿಗೂ ಐತಲ್ಲ" ಅನ್ನುತ್ತಾಳೆ.

ಕಷ್ಟ ಇರುವುದು ಕೈಯದು. ಕಂಕುಳಿನ ಗಂಟುಗಳನ್ನೂ ತೆಗೆದಿದ್ದರಿಂದ ಬಲಗೈ ಬಾವು ಬರುವ ಭಯ. ಆ ಕೈಗೆ ಸೂಜಿ ಚುಚ್ಚಿಸಬಾರದು, ಬಿ.ಪಿ. ನೋಡಿಸಬಾರದು, ಭಾರ ಎತ್ತಬಾರದು, ಸುಟ್ಟುಕೊಳ್ಳಲೇಬಾರದು. ಕಾದ ಹಂಚಿನ ಮುಂದೆ ಮೂವತ್ತು ವರ್ಷ ಕೂತವಳಿಗೆ ಇದನ್ನು ಹೇಳಿದಾಗ ಅವಳು ಡಾಕ್ಟರನ್ನು ನೋಡಲಿಲ್ಲ, ತನ್ನ ಅಂಗೈ ನೋಡಿಕೊಂಡಳು. ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಗೋಡೆಗೆ ಎದುರು ನಿಂತು ಬೆರಳುಗಳನ್ನು ಒಂದೊಂದೇ ಮೇಲೆ ಹತ್ತಿಸಬೇಕು. ಖಾನಾವಳಿಯ ಗೋಡೆಗೇ ಮಾಡುತ್ತಾಳೆ, ಮುಟ್ಟಿದಲ್ಲಿ ಪೆನ್ಸಿಲಿನಿಂದ ಗೀಟು. ಅವಳಿಗೆ ಎಲ್ಲ ಲೆಕ್ಕವೂ ಗೀಟೇ. ಮೊದಲ ಗೀಟು ನನ್ನ ಭುಜದ ಎತ್ತರಕ್ಕಿತ್ತು. ಈಗ ಕ್ಯಾಲೆಂಡರಿನ ಮೊಳೆಗೆ ನಾಲ್ಕು ಬೆರಳು ಕಡಿಮೆ.

ಇನ್ನು ನಿನ್ನ 20,000. ಅದನ್ನು ಮತ್ತೆ ಅವಳಿಗೆ ಹಾಕಬೇಡ. ಬೋರಮಾಳ ಇನ್ನೂ ಗಿರವಿಯಲ್ಲೇ ಇದೆ, ಬಡ್ಡಿ ಏರುತ್ತಿದೆ. ಅದನ್ನು ಬಿಡಿಸಿಕೊಡುವ ಆಸೆ ನನಗೂ ಇದೆ. ಆದರೆ ಗುಟ್ಟಾಗಿ ಬಿಡಿಸಿದರೆ ಮತ್ತೆ ಫೋಟೋದ ಕಥೆಯೇ ಆಗುತ್ತದೆ. ನೀನೇ ಎದುರಿಗೆ ಕೂತು ಕೇಳು. ಮೂರನೇ ಕ್ಲಾಸಿನಲ್ಲಿ ಇಪ್ಪತ್ತೆರಡು ದಿನ ಉಂಡದ್ದಕ್ಕೆ ವಹಿಯಲ್ಲಿ ನನ್ನ ಗೀಟು ಎಲ್ಲಿದೆ ಅಂತ ಕೇಳು. ಬೈಯುತ್ತಾಳೆ. ಬೈಸಿಕೋ. ಆಮೇಲೆ ಏನಾಗುತ್ತದೋ ನೋಡೋಣ.

ಎಳ್ಳ ಅಮಾವಾಸ್ಯೆಗೆ ಎರಡು ದಿನ ಮೊದಲೇ ಬಾ. ಭಜ್ಜಿಗೆ ಕಾಯಿಪಲ್ಯೆ ಹೆಚ್ಚುವುದು ನಿನ್ನ ಕೆಲಸ. ಸಜ್ಜಿ ರೊಟ್ಟಿ ಈ ಸಲ ನೀನು ಬಡಿಯಬೇಕಂತೆ, ಅವಳು ಪಕ್ಕದಲ್ಲಿ ಕೂತು ಹೇಳಿಕೊಡುತ್ತಾಳಂತೆ. ನಿನ್ನೆ ರಾತ್ರಿಯೇ ಹೇಳಿ ಕಳಿಸಿದ್ದಾಳೆ: ಉಗುರು ಕತ್ತರಿಸಿಕೊಂಡು ಬಾ ಅಂತ.

ಎರಡು ಹತ್ತಿ ಸ್ಕಾರ್ಫ್ ತಾ, ಬಣ್ಣದ್ದು. ಬಿಳಿ ಬೇಡ ಅಂದಿದ್ದಾಳೆ.

ನಿನ್ನ ಅವ್ವ