ದೋಸ್ತನಿಗೊಂದು ಪತ್ರ: ಕಳಿಸದೇ ಉಳಿದ ಬಿಲ್ಲು

ಪ್ರೀತಿಯ ದೋಸ್ತ,

ನಿನ್ನ ತಮ್ಮ ಗದಗಿನ ಮನೆಯಲ್ಲೇ ಕೂತು ವೆಬ್ ಡಿಸೈನ್ ಕೆಲಸ ಹಿಡಿತೀನಿ ಅಂತಿದ್ದಾನೆ, ಎಲ್ಲಿಂದ ಕಲಿಯಬೇಕು ಒಂದು ಪಟ್ಟಿ ಕೊಡು ಅಂದೆಯಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಈ ತಿಂಗಳು ಇದನ್ನೇ ಕೇಳಿದವರಲ್ಲಿ ನೀನು ನಾಲ್ಕನೆಯವನು. ಅದಕ್ಕೇ ಎಲ್ಲರಿಗೂ ಕಾಣುವ ಹಾಗೆ ಇಲ್ಲಿ ಬರೆಯುತ್ತಿದ್ದೇನೆ, ಬೇಜಾರಾಗಬೇಡ. ಉಣಕಲ್ ಕೆರೆಯ ಛತ್ರಿ ವಿಷಯ ಮಾತ್ರ ಬರೆಯುವುದಿಲ್ಲ. ಮಾತು ಕೊಟ್ಟಿದ್ದೇನೆ.

ಮೊದಲ ಆರು ತಿಂಗಳು ಕಲಿಯೋದಕ್ಕೆ ಒಂದು ರೂಪಾಯಿಯೂ ಖರ್ಚು ಮಾಡಬೇಡ ಅಂತ ಹೇಳು. ಫ್ರೀಕೋಡ್‌ಕ್ಯಾಂಪ್ ಅನ್ನೋ ಸೈಟ್ 2014ರಿಂದ ನಡೆಯುತ್ತಿದೆ, ಎಚ್‌ಟಿಎಂಎಲ್‌ನಿಂದ ಹಿಡಿದು ಜಾವಾಸ್ಕ್ರಿಪ್ಟ್‌ವರೆಗೆ ಎಲ್ಲ ಪಾಠ ಉಚಿತ. ಏನಾದರೂ ಸಂಶಯ ಬಂದರೆ ಮೊಜಿಲ್ಲಾದವರ ಎಂಡಿಎನ್ ಅನ್ನೋ ಕೈಪಿಡಿ ಸೈಟ್ ತೆಗೆದು ನೋಡಲಿ. ನಾನು ಈಗಲೂ ದಿನಾ ನೋಡುತ್ತೇನೆ. ಪುಟದ ಭಾಗಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್ ತಲೆಗೆ ಹತ್ತದಿದ್ದರೆ ಫ್ಲೆಕ್ಸ್‌ಬಾಕ್ಸ್ ಫ್ರಾಗಿ ಅಂತ ಒಂದು ಆಟ ಇದೆ. ಕಪ್ಪೆಗಳನ್ನು ಎಲೆಯ ಮೇಲೆ ಕೂರಿಸೋದು, 24 ಹಂತ. ಒಂದು ಸಂಜೆ ಸಾಕು.

ಕನ್ನಡದ ಸೈಟ್ ಮಾಡೋದನ್ನು ಮಾತ್ರ ಇವು ಹೇಳಿಕೊಡುವುದಿಲ್ಲ. ನಮ್ಮ ಕಡೆ ಗಿರಾಕಿ ಕೊಡುವ ಮ್ಯಾಟರ್ ಎಷ್ಟೋ ಸಲ ಹಳೇ ನುಡಿ ಫಾಂಟಿನಲ್ಲಿರುತ್ತದೆ. ಹಾಗೇ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬೀಳುತ್ತದೆ. ಮೊದಲು ಎಲ್ಲ ಕಡೆ ಓದೋಕೆ ಬರುವ ಯೂನಿಕೋಡ್‌ಗೆ ಬದಲಾಯಿಸಬೇಕು. ಸಾಲುಗಳ ನಡುವೆ ಇಂಗ್ಲಿಷಿಗೆ ಬಿಡುವಷ್ಟೇ ಜಾಗ ಬಿಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿಗೆ ತಾಗುತ್ತದೆ. ನಾನು ನೋಟೋ ಸಾನ್ಸ್ ಕನ್ನಡ ಫಾಂಟಿಗೆ ಲೈನ್-ಹೈಟ್, ಅಂದರೆ ಸಾಲಿನ ಎತ್ತರ, ಅಕ್ಷರದ ಗಾತ್ರದ 1.7 ಪಟ್ಟು ಇಡುತ್ತೇನೆ. 'ರಾಷ್ಟ್ರ' ಅಂತ ಬರೆದು ನೋಡಿದರೆ ಗೊತ್ತಾಗುತ್ತದೆ, ಆ ಒತ್ತುಗಳಿಗೆ ಉಸಿರಾಡೋಕೆ ಜಾಗ ಬೇಕು. ಪುಟದ ಭಾಷೆ ಕನ್ನಡ ಅಂತ ಕೋಡಿನಲ್ಲಿ ಗುರುತು ಹಾಕೋದನ್ನೂ ಮರೆಯಬಾರದು. ಕಣ್ಣು ಕಾಣದವರಿಗೆ ಪುಟವನ್ನು ಓದಿ ಹೇಳುವ ಸಾಫ್ಟ್‌ವೇರ್ ಆ ಗುರುತು ನೋಡಿಯೇ ಕನ್ನಡದಲ್ಲಿ ಓದುತ್ತದೆ.

ಇಷ್ಟು ಬರೆದು ಕಳಿಸೋಣ ಅಂತಲೇ ಕೂತಿದ್ದೆ. ಆದರೆ ಇಷ್ಟೇ ಕಲಿತು ಕೆಲಸಕ್ಕೆ ಇಳಿದವನು ನಾನು. ಹೋದ ಫೆಬ್ರವರಿಯಲ್ಲಿ ಏನು ಮಾಡಿದೆ ಅಂತ ನಿನಗೂ ಹೇಳಿಲ್ಲ.

ಬ್ಯಾಡಗಿಯಲ್ಲಿ ಒಬ್ಬರು ಮೆಣಸಿನಕಾಯಿ ವ್ಯಾಪಾರಿಗೆ ಸೈಟ್ ಮಾಡಿಕೊಟ್ಟಿದ್ದೆ. ಹೆಸರು ಬೇಡ, ಕಾಕಾ ಅಂತೀನಿ. ಶುರುವಿನಲ್ಲೇ ಅವರು ಕೇಳಿದ್ದರು, "ಎಷ್ಟಾಗತೈತಿ ತಮ್ಮಾ?" ನಾನು "ಕೆಲಸ ಆಗಲಿ ಬಿಡ್ರಿ ಕಾಕಾ, ಆಮ್ಯಾಲ ನೋಡೂಣು" ಅಂದೆ. ಮನಸ್ಸಿನಲ್ಲಿ 30 ಸಾವಿರ ಅಂತ ಇತ್ತು. ಬಾಯಿಗೆ ಬರಲಿಲ್ಲ. ಅವರು 12 ಸಾವಿರ ಕೊಟ್ಟರು. ಅದು ಮುಂಗಡ ಅಂತ ನಾನು ಅಂದುಕೊಂಡೆ, ಲೆಕ್ಕ ಮುಗೀತು ಅಂತ ಅವರು ಅಂದುಕೊಂಡರು. ಸೈಟ್ ಆದ ಮೇಲೆ ಎರಡು ಸಲ ಫೋನ್ ಮಾಡಿ "ಕಾಕಾ, ಅದನ್ನೊಂದೀಟು ನೋಡ್ರಲಾ" ಅಂದೆ. "ನೋಡೀನಪಾ, ಭಾಳ ಚಂದ ಆಗೇತಿ" ಅಂದರು. ಬೇಕಂತಲೇ ಮಾತು ತೇಲಿಸುತ್ತಿದ್ದಾರೆ ಅಂತ ನನಗೆ ಸಿಟ್ಟು ಬಂತು.

ಡೊಮೇನ್, ಅಂದರೆ ಸೈಟಿನ ವಿಳಾಸ, ನನ್ನ ಖಾತೆಯಲ್ಲಿತ್ತು ದೋಸ್ತ. ಹೆಸರು ಅವರ ಅಂಗಡಿಯದು, ಕಾಗದದ ಮೇಲೆ ಮಾಲೀಕ ನಾನು. ಒಂದು ಬುಧವಾರ ರಾತ್ರಿ ಲಾಗಿನ್ ಆಗಿ, ಆ ವಿಳಾಸವನ್ನು ಹೋಸ್ಟಿಂಗ್ ಕಡೆ, ಅಂದರೆ ಸೈಟ್ ಇಟ್ಟಿರುವ ಕಂಪ್ಯೂಟರ್ ಕಡೆ, ತೋರಿಸುವ ಎರಡು ಸಾಲು ಅಳಿಸಿಬಿಟ್ಟೆ. ಸೈಟ್ ಬಂದ್ ಆಯಿತು. ಮಾರನೇ ದಿನ ಗುರುವಾರ, ಬ್ಯಾಡಗಿ ಮಾರುಕಟ್ಟೆಯ ದಿನ. ಅದೂ ಸೀಜನ್ನಿನಲ್ಲಿ. ಅದು ಗೊತ್ತಿದ್ದೇ ಮಾಡಿದೆ.

ಶನಿವಾರ ರೈಲು ಹಿಡಿದು ಹೋದೆ. ಈಗ ತಾವೇ ಮಾತು ತೆಗೀತಾರೆ ಅಂದುಕೊಂಡಿದ್ದೆ. ಅಂಗಡಿಯಲ್ಲಿ ಕಾಕಾ ಹೊಸ ಪ್ಯಾಕೆಟ್ ತೆಗೆದು ನನ್ನ ಕೈಗಿಟ್ಟರು. ಅರ್ಧ ಕೆಜಿ, ಡಬ್ಬಿ ತಳಿಯ ಮೆಣಸಿನಕಾಯಿ. ಅಂಗಡಿ ಹೆಸರಿನ ಕೆಳಗೆ ಕೆಂಪು ಅಕ್ಷರದಲ್ಲಿ ಸೈಟಿನ ವಿಳಾಸ. ಸಾವಿರ ಪ್ಯಾಕೆಟ್ ಮಾಡಿಸಿದ್ದರಂತೆ. "ಗುರುವಾರದಿಂದ ಬರವಲ್ದು ತಮ್ಮಾ, ನಮ್ಮ ನೆಟ್ಟ ಸರಿ ಇಲ್ಲೇನು ಮತ್ತ?" ಅಂದರು. ನಾನು "ಸರ್ವರ್ ತೊಂದ್ರಿ ಕಾಕಾ, ಇವತ್ತು ಸರಿ ಹೋಗತೈತಿ" ಅಂದೆ. ಚಹಾ ತರಿಸಿದರು. ಕುಡೀತಾ ಕುಡೀತಾ ಸುಮ್ನೆ ಕೇಳಿದರು, "ನಿಂದೇನರ ಕೊಡೂದು ಉಳದೈತೇನು?"

18 ಸಾವಿರ ಅಂದೆ. ಗಲ್ಲಾ ತೆಗೆದು ಅಲ್ಲೇ ಎಣಿಸಿ ಕೊಟ್ಟರು. "ಮೊದಲ ಹೇಳಬಾರದಾ?" ಅಂತ ಅಷ್ಟೇ. ಮೇಲೆ ಆ ಪ್ಯಾಕೆಟ್ಟನ್ನೂ ಚೀಲಕ್ಕೆ ಹಾಕಿದರು, ಅವ್ವಗ ಕೊಡು ಅಂತ.

ರೈಲಿನಲ್ಲಿ ಕೂತ ಕೂಡಲೇ ಆ ಎರಡು ಸಾಲು ವಾಪಸ್ ಹಾಕಿದೆ. ಆ ಬದಲಾವಣೆ ನೆಟ್ಟಿನಲ್ಲಿ ಎಲ್ಲ ಕಡೆ ಹರಡೋಕೆ ಕೆಲವು ಗಂಟೆ ಹಿಡಿಯಬಹುದು. ಹಾವೇರಿಯಲ್ಲಿ ನೋಡಿದೆ, ಇಲ್ಲ. ಯಲವಿಗಿಯಲ್ಲಿ ನೋಡಿದೆ, ಇಲ್ಲ. ಕುಂದಗೋಳ ದಾಟಿದ ಮೇಲೆ ಪುಟ ತೆರೆಯಿತು. ನಾನೇ ತೆಗೆದ ಫೋಟೋ, ಗೋಣಿಚೀಲದ ಮೇಲೆ ಹರವಿದ ಕಾಯಿ. ಅದನ್ನು ನೋಡುತ್ತಾ ಹುಬ್ಬಳ್ಳಿ ಬಂದಿದ್ದೇ ಗೊತ್ತಾಗಲಿಲ್ಲ.

ಅದಕ್ಕೇ ನಿನ್ನ ತಮ್ಮನಿಗೆ ಕೋಡಿಗಿಂತ ಮೊದಲು ಇದನ್ನು ಹೇಳು. ಕೆಲಸ ಶುರುವಾಗುವ ಮುಂಚೆಯೇ ಕೊಟೇಶನ್ ಕೊಡಬೇಕು. ಎಷ್ಟು ಪುಟ, ಎಷ್ಟು ಸಲ ತಿದ್ದಿಕೊಡ್ತೀನಿ, ಎಷ್ಟು ದುಡ್ಡು, ಎಲ್ಲ ಒಂದೇ ಹಾಳೆಯಲ್ಲಿ. ಅರ್ಧ ಮುಂಗಡ. ಕೆಲಸ ಮುಗಿದ ದಿನವೇ ನಂಬರು, ತಾರೀಖು ಹಾಕಿದ ಬಿಲ್ಲು. ಡೊಮೇನ್ ಅಂತೂ ಮೊದಲ ದಿನದಿಂದ ಗಿರಾಕಿಯ ಹೆಸರಲ್ಲಿ, ಅವರದೇ ಇಮೇಲಿನಲ್ಲಿ. ಎದುರಿಗೆ ಕೂತು ಖಾತೆ ತೆರೆಸಬೇಕು, ಪಾಸ್‌ವರ್ಡ್ ಅವರ ಡೈರಿಯಲ್ಲೇ ಬರೆಸಬೇಕು.

ದುಡ್ಡು ವಸೂಲಿಗೆ ಕಾನೂನಿನ ದಾರಿ ಇದೆ. ಸಣ್ಣ ಉದ್ಯಮಗಳಿಗೆ ಸರ್ಕಾರದ ಉದ್ಯಮ್ ನೋಂದಣಿ ಉಚಿತ, ಮನೆಯಲ್ಲೇ ಕೂತು ಮಾಡಬಹುದು. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯ ಪ್ರಕಾರ, ಹಾಗೆ ನೋಂದಾಯಿಸಿದ ಸಣ್ಣ ಉದ್ಯಮಕ್ಕೆ ಕೊಡಬೇಕಾದ ದುಡ್ಡನ್ನು ಕರಾರಿನಲ್ಲಿ ಏನೇ ಬರೆದಿದ್ದರೂ 45 ದಿನಕ್ಕಿಂತ ಜಾಸ್ತಿ ತಡೆಹಿಡಿಯುವಂತಿಲ್ಲ. ತಡವಾದರೆ ಬಡ್ಡಿಯೂ ಸೇರುತ್ತದೆ. ಆದರೆ ಇಷ್ಟು ದುಡ್ಡು ಬರಬೇಕು ಅಂತ ಕೇಳೋದಕ್ಕೆ ಮೊದಲು ನನ್ನ ಕೈಯಲ್ಲಿ ಒಂದು ಬಿಲ್ಲು ಇರಬೇಕಿತ್ತು, ಅಲ್ವಾ? ನಾನು ಕಾಕಾಗೆ ಬಿಲ್ಲೇ ಕಳಿಸಿರಲಿಲ್ಲ.

ಡೊಮೇನನ್ನು ಮುಂದಿನ ವಾರವೇ ಅವರ ಹೆಸರಿಗೆ ಮಾಡಿಕೊಟ್ಟೆ. ಸೈಟ್ ಬಂದ್ ಮಾಡಿದ್ದು ನಾನೇ ಅಂತ ಮಾತ್ರ ಇವತ್ತಿಗೂ ಹೇಳಿಲ್ಲ. ಅವ್ವ ಆ ಕಾಯಿ ಹುರಿದು ಖಾರ ಕುಟ್ಟಿಸಿದ್ದಾಳೆ. ದಿನಾ ಊಟಕ್ಕೆ ಕೂತಾಗ ತಾಟಿನಲ್ಲಿ ಆ ಕೆಂಪು ಬಣ್ಣ ಕಾಣುತ್ತದೆ. ಕಾಕಾನ ಮಗಳು ಇಲ್ಲಿ ನಾನು ಬರೆಯೋದನ್ನೆಲ್ಲ ಓದುತ್ತಾಳೆ. ಆಕೆ ಹೇಳುವ ಮುಂಚೆ ನಾನೇ ಹೋಗಿ ಹೇಳಬೇಕು. ಈ ಗುರುವಾರ ಬೇಡ, ಅವತ್ತು ಅವರಿಗೆ ಪುರುಸೊತ್ತು ಇರೋದಿಲ್ಲ. ಶುಕ್ರವಾರ ಹೋಗ್ತೀನಿ.

ಇಷ್ಟೆಲ್ಲ ಬರೆಯಬೇಕು ಅಂತಿರಲಿಲ್ಲ ನೋಡು. ಇರಲಿ. ಭಾನುವಾರ ತಮ್ಮನನ್ನೂ ಕರೆಸಿಕೊಂಡು ಧಾರವಾಡದಿಂದ ಚಿಗರಿ ಬಸ್ಸು ಹತ್ತಿ ಬಾ. ಬಿಸಿ ಮಿರ್ಚಿ, ಗಿರಮಿಟ್ ನನ್ನ ಲೆಕ್ಕ. ಹುಡುಗನಿಗೆ ಬಿಲ್ಲು ಬರೆಯೋದನ್ನು ಅಲ್ಲೇ ಕೂತು ತೋರಿಸಿಕೊಡ್ತೀನಿ. ಮಳೆ ಬಂದರೂ ಪರವಾಗಿಲ್ಲ, ಛತ್ರಿ ಮಾತ್ರ ತರಬೇಡ.

ನಿನ್ನ ದೋಸ್ತ,
ಹುಬ್ಬಳ್ಳಿಯಿಂದ