ಲಿಥಿಯಂ ಗುಳಿಗೆ ಕೊಟ್ಟರೆ ಸಾಲದು, ರಕ್ತವನ್ನೂ ನೋಡಿಸಿ

ಮಹಾರಾಷ್ಟ್ರದ ಮಾನ್ಯ ಆರೋಗ್ಯ ಸಚಿವರಿಗೆ ವಂದನೆಗಳು.

ಉನ್ಮಾದ, ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ಕಾಯಿಲೆಯ ಉನ್ಮಾದಕ್ಕೆ ಲಿಥಿಯಂ ಕೆಲಸ ಮಾಡುತ್ತದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ ತೋರಿಸಿದ್ದು 1949ರಲ್ಲಿ. ಕಾಯಿಲೆ ಮರುಕಳಿಸದಂತೆ ತಡೆಯುವುದರಲ್ಲಿ ಇಂದಿಗೂ ಅದಕ್ಕೆ ಸಾಟಿ ಕಡಿಮೆ, ಬೆಲೆಯೂ ಅಗ್ಗ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಪ್ರಕಾರ ಅಗತ್ಯ ಔಷಧ ಪಟ್ಟಿಯ ಮದ್ದುಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ ಸದಾ ಉಚಿತವಾಗಿ ಸಿಗಬೇಕು. ಆದರೆ ಲಿಥಿಯಂ ವಿಷಯದಲ್ಲಿ ಗುಳಿಗೆ ಅರ್ಧ ಚಿಕಿತ್ಸೆ ಮಾತ್ರ, ಇನ್ನರ್ಧ ರಕ್ತಪರೀಕ್ಷೆ.

ಬಹುಪಾಲು ರೋಗಿಗಳಿಗೆ ರಕ್ತದಲ್ಲಿ ಲಿಥಿಯಂ ಲೀಟರಿಗೆ 0.6ರಿಂದ 0.8 ಮಿಲಿಮೋಲ್ ಸಾಕು. 1.5 ದಾಟಿತೆಂದರೆ ಕೈ ಜೋರಾಗಿ ನಡುಗುತ್ತದೆ, ವಾಂತಿಭೇದಿ, ತೊದಲು, ತೂರಾಟ. ರಕ್ತ ತೆಗೆಯಬೇಕಾದ್ದು ಕೊನೆಯ ಡೋಸಿನ 12 ಗಂಟೆಯ ಮೇಲೆ: ರಾತ್ರಿ 9ಕ್ಕೆ ಗುಳಿಗೆ ನುಂಗಿದವರದನ್ನು ಬೆಳಗ್ಗೆ 9ಕ್ಕೇ. ಬೆಳಗಿನ ಡೋಸ್ ಇದ್ದರೆ ಅದು ರಕ್ತ ಕೊಟ್ಟ ಮೇಲೆ. ಓಪಿಡಿ ಸಾಲಿನಲ್ಲಿ ಮಧ್ಯಾಹ್ನವಾಯಿತೋ, ಅಂಕಿ ತಗ್ಗಿ ಬರುತ್ತದೆ, ಬೇಡದ ಡೋಸ್ ಏರುತ್ತದೆ. ಟ್ಯೂಬಿನ ಎಡವಟ್ಟು ಬೇರೆ: ಹಸಿರು ಮುಚ್ಚಳದ ಟ್ಯೂಬುಗಳಲ್ಲಿ ಹಲವಕ್ಕೆ ರಕ್ತ ಹೆಪ್ಪುಗಟ್ಟದಿರಲೆಂದು ಲಿಥಿಯಂ ಹೆಪಾರಿನ್ ಹಚ್ಚಿರುತ್ತದೆ. ಅದರಲ್ಲಿ ತೆಗೆದರೆ ಈ ಮದ್ದನ್ನು ಮುಟ್ಟಿಯೇ ಇಲ್ಲದವರ ರಕ್ತದಲ್ಲೂ ಲಿಥಿಯಂ ಸಿಕ್ಕೀತು!

ಡೋಸ್ ಬದಲಿಸಿ 5–7 ದಿನವಾದ ಮೇಲೆ ಒಮ್ಮೆ, ಮೊದಲ ವರ್ಷ 3 ತಿಂಗಳಿಗೊಮ್ಮೆ, ಆಮೇಲೆ ಸ್ಥಿರವಾಗಿದ್ದವರಿಗೆ 6 ತಿಂಗಳಿಗೊಮ್ಮೆ ಮಟ್ಟ ನೋಡಬೇಕು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಥೈರಾಯ್ಡ್, ಕ್ಯಾಲ್ಸಿಯಂ ಪರೀಕ್ಷೆ 6 ತಿಂಗಳಿಗೊಮ್ಮೆ.

ಮುಂಬಯಿಯ ಹೋಟೆಲ್ ಅಡುಗೆಮನೆಗಳಲ್ಲಿ ನಮ್ಮ ಕನ್ನಡಿಗರೂ ಬಹಳ. ಮೇ ತಿಂಗಳ ಸೆಕೆಯಲ್ಲಿ ಒಲೆಯೆದುರು ಬೆವರು ಸುರಿದು ನೀರು, ಉಪ್ಪು ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಜೊತೆ ಲಿಥಿಯಂ ಅನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಸೊಂಟನೋವೆಂದು ಮೆಡಿಕಲ್ ಸ್ಟೋರಿನ ನೋವಿನ ಗುಳಿಗೆ ಡೈಕ್ಲೊಫೆನಾಕ್ ಬಿದ್ದರೆ ಮಟ್ಟ ಇನ್ನೂ ಏರುತ್ತದೆ. ಬಿಪಿಯ ರಾಮಿಪ್ರಿಲ್, ಲೋಸಾರ್ಟನ್, ಥಯಜೈಡ್ ಕೂಡ ಹಾಗೆಯೇ. ನೋವಿಗೆ ಪ್ಯಾರಾಸಿಟಮಾಲ್ ಸಾಕು.

ಇನ್ನು ಊರಿಗೆ ಹೋಗುವವರ ಪಾಡು. 15 ದಿನದ ಗುಳಿಗೆ ಕಟ್ಟಿಕೊಟ್ಟರೆ ಅದು ಊರಲ್ಲೇ ಮುಗಿಯುತ್ತದೆ. ಲಿಥಿಯಂ ಥಟ್ಟನೆ ನಿಂತರೆ ಉನ್ಮಾದ ಮರುಕಳಿಸುವ ಸಂಭವ ಹೆಚ್ಚು. ನಿಲ್ಲಿಸಲೇಬೇಕಿದ್ದರೂ ಕನಿಷ್ಠ 4 ವಾರ, ಸಾಧ್ಯವಾದರೆ 3 ತಿಂಗಳು ಹಿಡಿದು ಡೋಸ್ ಇಳಿಸಬೇಕು. ಸ್ಥಿರವಾಗಿರುವವರಿಗೆ 2 ತಿಂಗಳ ಗುಳಿಗೆ ಒಟ್ಟಿಗೇ ಕೊಡಿಸಿ. ಆತ್ಮಹತ್ಯೆಯ ಯೋಚನೆ ಇರುವವರಿಗೆ ಮಾತ್ರ ಹಾಗೆ ಕೊಡಬಾರದು, ಮಿತಿಮೀರಿದರೆ ಅದು ಪ್ರಾಣಕ್ಕೇ ಎರವು. ಅಂಥವರದು ಸ್ವಲ್ಪಸ್ವಲ್ಪವಾಗಿ ಮನೆಯವರ ಕೈಗೆ. ಸ್ಟಾಕ್ ಇಲ್ಲವೆಂದು ಇದೇ ಕಾಯಿಲೆಯ ಇನ್ನೊಂದು ಮದ್ದು ವಾಲ್ಪ್ರೊಯೇಟ್‌ಗೆ ಬದಲಿಸುವುದಂತೂ ಬೇಡ, ಮಕ್ಕಳಾಗುವ ವಯಸ್ಸಿನ ಹೆಣ್ಣುಮಕ್ಕಳಿಗೆ ಬೇಡವೇ ಬೇಡ. ಗರ್ಭದ ಮಗುವಿಗೆ ಅದು ಲಿಥಿಯಂಗಿಂತಲೂ ಅಪಾಯ.

ಗುಳಿಗೆ ಕೊಡುವ ಆಸ್ಪತ್ರೆಯಲ್ಲೇ ಬೆಳಗ್ಗೆ ಸರಿಯಾದ ಟ್ಯೂಬಿನಲ್ಲಿ ರಕ್ತ ತೆಗೆಯುವ ಏರ್ಪಾಡಾಗಲಿ. ಕೊನೆಯ ಡೋಸಿನ ಹೊತ್ತು, ಮಟ್ಟ, ತಿನ್ನಬಾರದ ಗುಳಿಗೆಗಳನ್ನು ಬರೆದ ಒಂದು ಕಾರ್ಡನ್ನು ಮರಾಠಿಯ ಜೊತೆ ಕನ್ನಡದಲ್ಲೂ ಅಚ್ಚು ಹಾಕಿಸಿ.

ಇತಿ,
ಮುಂಬಯಿಯ ಕೆಲವು ಕನ್ನಡಿಗ ಫಾರ್ಮಸಿಸ್ಟರು, ಲ್ಯಾಬ್ ತಂತ್ರಜ್ಞರು